ಅತ್ತೆಯ ಎಡಗೈ ಮತ್ತು ಹರಿಹರದ ಪುಡಿ

ನಮ್ಮ ಅತ್ತೆಯನ್ನು ನೋಡಲು ಬಂದವರಲ್ಲಿ ಬದನೆಕಾಯಿಯನ್ನು ಬೈಯದೆ ಎದ್ದುಹೋದವರು ಒಬ್ಬರೂ ಇರಲಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿತ್ತು. ನಾವು ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಬಂದು ವರ್ಷ ತುಂಬಿತ್ತು. ಆಗಲೇ ಅತ್ತೆಯ ಕೈಬೆರಳಿನ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ನಲ್ಲಿ ತಿರುಗಿಸಲು ಆಗದು, ಸೀರೆಯ ನೆರಿಗೆ ಹಿಡಿಯಲು ಆಗದು. ಹತ್ತು ಗಂಟೆಯ ಬಿಸಿಲು ಅಂಗಳಕ್ಕೆ ಬಂದಮೇಲೆ ಬೆರಳುಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು. ಸರಿಯಾಗಿ ಅದೇ ಹೊತ್ತಿಗೆ ನೆಂಟರು ಬರುತ್ತಿದ್ದರು.

“ನಂಜು ಕಣವ್ವ ಇದು, ನಂಜು,” ಎನ್ನುವುದು ಅವರ ಮೊದಲ ಮಾತು. ಯಾವುದರ ನಂಜು ಎನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಪಟ್ಟಿ. ಬದನೆಕಾಯಿ ಎಲ್ಲರ ಪಟ್ಟಿಯಲ್ಲೂ ಇತ್ತು. ಅದರ ಹಿಂದೆ ಅಲಸಂದೆ, ಕುಂಬಳಕಾಯಿ, ಬೆಲ್ಲ, ಮೊಸರು. ಆನಗೋಡಿನಿಂದ ಬಂದ ಒಬ್ಬ ಹಿರಿಯರು ನಾನು ಬಡಿಸಿದ ಶೇಂಗಾ ಚಟ್ನಿಪುಡಿಗೆ ಎಣ್ಣೆ ಹಾಕಿಸಿಕೊಂಡು, ಮೂರನೆಯ ರೊಟ್ಟಿ ಮುರಿಯುತ್ತಾ, “ಶೇಂಗಾ ಮಾತ್ರ ಮನಿಯೊಳಗ ತರಬ್ಯಾಡ್ರಿ,” ಎಂದು ಅಪ್ಪಣೆ ಕೊಡಿಸಿದರು. ಎಲ್ಲರ ಮಾತಿಗೂ ಮರ್ಯಾದೆ ಕೊಟ್ಟು ಕೊಟ್ಟು ಕೊನೆಗೆ ಅತ್ತೆಯ ತಟ್ಟೆಯಲ್ಲಿ ಉಳಿದದ್ದು ಒಣ ರೊಟ್ಟಿ, ಹೆಸರುಬೇಳೆಯ ಕಟ್ಟು. ಬೆರಳು ಮಾತ್ರ ಊದುತ್ತಲೇ ಇತ್ತು. ಇಷ್ಟು ಬಿಟ್ಟರೂ ವಾಸಿಯಾಗಲಿಲ್ಲವೆಂದರೆ ಇನ್ನೂ ಬಿಡಬೇಕಾದದ್ದು ಏನೋ ಇದೆ ಎಂದೇ ಅವರ ಲೆಕ್ಕ. ಪಟ್ಟಿಯೇ ತಪ್ಪಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಈ ಪಟ್ಟಿಗಳ ಉಗ್ರಾಣ ನಮ್ಮ ಚಿಗವ್ವ, ಅಂದರೆ ಅತ್ತೆಯ ಖಾಸಾ ತಂಗಿ. ಕಡರನಾಯಕನಹಳ್ಳಿಯಿಂದ ಎರಡು ದಿನಕ್ಕೆಂದು ಬಂದರೆ ಇಪ್ಪತ್ತು ದಿನ ಇರುತ್ತಿದ್ದರು. ಒಳ್ಳೆಯ ಮನಸ್ಸಿನವರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರ ಕಿವಿಗೆ ಬಿದ್ದ ಮಾತು ಅಲ್ಲಿ ಕೂರುತ್ತಿರಲಿಲ್ಲ. ಬಾಯಿಯ ದಾರಿ ಅಷ್ಟು ಹತ್ತಿರವಿತ್ತು. ನನ್ನನ್ನು ಅವರು ಕರೆಯುತ್ತಿದ್ದುದು “ಕಾನ್ವೆಂಟ್ ಸೊಸಿ” ಎಂದು. ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ, ಕಪ್ಪೆ ಕೊಯ್ದಿದ್ದೆ, ಮತ್ತು ಹಿರಿಯರಿಗೆ ಎದುರಾಡಬಾರದು ಎಂದು ಸಿಸ್ಟರುಗಳು ಹನ್ನೆರಡು ವರ್ಷ ಹೇಳಿಕೊಟ್ಟಿದ್ದರು. ಇದರಲ್ಲಿ ಕೊನೆಯದನ್ನು ಮಾತ್ರ ನಾನು ಚೆನ್ನಾಗಿ ಕಲಿತಿದ್ದೆನೆಂದು ತೋರುತ್ತದೆ.

ಆಸ್ಪತ್ರೆಗೆ ಹೋಗೋಣವೆಂದು ನಾನು ಒಂದೆರಡು ಸಲ ಅಂದದ್ದುಂಟು. ಗಂಜಿನಲ್ಲಿ, ಅಂದರೆ ಊರಿನ ಧಾನ್ಯ ಮಾರುಕಟ್ಟೆಯಲ್ಲಿ, ಮೆಕ್ಕೆಜೋಳದ ಅಂಗಡಿ ನಡೆಸುವ ನನ್ನ ಯಜಮಾನರು, “ವಯಸ್ಸಾದಮೇಲೆ ಇದ್ದದ್ದೇ ಬಿಡು,” ಅಂದರು. ಅವರ ಲಾರಿಯ ಟಯರು ಸವೆದಾಗ ಅವರು ಹೀಗೆ ಹೇಳಿದ್ದು ನನಗೆ ನೆನಪಿಲ್ಲ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಅತ್ತೆ ಪೂಜೆಗೆ ಕುಳಿತಿದ್ದರು. ನಮ್ಮಲ್ಲಿ ಪೂಜೆ ಎಂದರೆ ಗೋಡೆಯ ಗೂಡಿನ ದೇವರಿಗಲ್ಲ. ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣು ಕದಲಿಸದೆ ನೋಡುವುದು. ಅಂಗೈಯೇ ಗುಡಿ. ಅತ್ತೆ ಎಂಟು ವರ್ಷದವರಿದ್ದಾಗಿನಿಂದ ಒಂದು ದಿನವೂ ತಪ್ಪಿಸಿದವರಲ್ಲ. ಆ ದಿನ ಅವರ ಬೆರಳುಗಳು ಪೂರ್ತಿ ಬಿಚ್ಚಲಿಲ್ಲ. ನೀರೆರೆಯುವಾಗ ಕೈ ನಡುಗಿತು. ಕೆಳಗಿದ್ದ ತಟ್ಟೆಯಲ್ಲಿ ಟಣ್ಣೆಂದು ಸದ್ದಾಯಿತು.

ನಾನು ಅಡುಗೆಮನೆಯಿಂದ ಓಡಿ ಬಂದಾಗ ಅತ್ತೆ ಲಿಂಗವನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಒತ್ತಿಕೊಂಡಿದ್ದರು. ಮುಖ ಸುಣ್ಣದಂತಾಗಿತ್ತು. ಲಿಂಗ ಜಾರಿ ಬೀಳುವುದೆಂದರೆ ನಮ್ಮವರಿಗೆ ಎಂತಹ ಮಾತೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ. ಹಳೆಯ ಕಾಲದಲ್ಲಿ ಅದಕ್ಕಾಗಿ ಪ್ರಾಣ ಬಿಟ್ಟವರ ಕಥೆಗಳನ್ನು ಹೇಳುತ್ತಾರೆ. ಆ ಕಥೆಗಳನ್ನೇ ಚಿಗವ್ವ ಅಲ್ಲಿಯೇ ನಿಂತು ಹೇಳಲು ಶುರುಮಾಡಿದರು.

“ನೆಲಕ್ಕೆ ಬಿದ್ದಿಲ್ಲರಿ, ತಟ್ಟೆಗೆ ಬಿದ್ದಿದ್ದು,” ಎಂದೆ ನಾನು.

“ಬಿದ್ದಿದ್ದು ಬಿದ್ದಂಗೇ,” ಎಂದರು ಚಿಗವ್ವ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಎರಡು ರಸ್ತೆಗಳಿಗೆ ವಿಷಯ ಗೊತ್ತಾಗಿತ್ತು.

ಅತ್ತೆ ಆ ದಿನ ಉಣ್ಣಲಿಲ್ಲ. ಸಂಜೆ ನನ್ನನ್ನು ಕರೆದು ಎಡಗೈಯನ್ನು ನನ್ನ ಮುಂದೆ ಚಾಚಿದರು. “ನೋಡು ಹುಡುಗಿ, ಅಡಿಗಿ ನೀನು ಮಾಡ್ತಿ. ಬಟ್ಟಿ ಕೆಲಸದಾಕಿ ಒಗೀತಾಳ. ನಾ ಕುಂತು ತಿಂತೀನಿ, ಅದಕ್ಕೇನು ನಾಚಿಕಿ ಇಲ್ಲ ನಂಗೆ. ಆದ್ರ ಇದೊಂದು ನಾನೇ ಹಿಡೀಬೇಕು. ಈ ಅಂಗೈ ನೆಟ್ಟಗಿದ್ರ ಸಾಕವ್ವ, ಬ್ಯಾರೇನೂ ಬ್ಯಾಡ.” ನಾನು ಆ ಕೈಯನ್ನು ಹಿಡಿದೆ. ಗೆಣ್ಣುಗಳು ಸುಡುತ್ತಿದ್ದವು, ಜ್ವರ ಬಂದ ಮಗುವಿನ ಹಣೆಯಂತೆ.

ಮರುದಿನವೇ ಚಿಗವ್ವನ ಮುಂದಾಳತ್ವದಲ್ಲಿ ಹರಿಹರಕ್ಕೆ ಹೊರಟೆವು. ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಪುಡಿ ಕೊಡುವವರೊಬ್ಬರು ಇದ್ದರು. ಅವರ ಪಡಸಾಲೆಯ ತುಂಬ ಮೊಣಕಾಲು ಹಿಡಿದುಕೊಂಡವರು, ಕುತ್ತಿಗೆ ವಾಲಿದವರು. ಪುಡಿಯವರು ಬಿಳಿ ಅಂಗಿ ತೊಟ್ಟು, ಕಣ್ಣು ಮುಚ್ಚಿ ನಾಡಿ ಹಿಡಿಯುತ್ತಿದ್ದರು. ನಮ್ಮ ಮುಂದಿದ್ದ ಐದೂ ಜನರಿಗೆ ಅವರು ಹೇಳಿದ್ದು ಒಂದೇ ಮಾತು: “ವಾಯು ಎಲುಬಿಗೆ ಇಳದೈತೆ.” ಆರನೆಯವರಾದ ಅತ್ತೆಗೂ ಅದೇ.

“ಏನು ತಿಂದಿದ್ರಿ?” ಎಂದು ಕೇಳಿದರು.

“ಬದನಿಕಾಯಿ ಬಿಟ್ಟು ವರ್ಷ ಆತ್ರಿ,” ಎಂದರು ಅತ್ತೆ ಅಪರಾಧಿಯಂತೆ.

“ಹಿಂದ ತಿಂದಿದ್ದು ಎಲ್ಲಿ ಹೋಗ್ತೈತೆ?” ಎಂದು ಪುಡಿಯವರು ನಕ್ಕರು. ಇಡೀ ಪಡಸಾಲೆ ತಲೆದೂಗಿತು.

ದಿನಕ್ಕೆ ಮೂರು ಪೊಟ್ಟಣ, ಜೇನಿನಲ್ಲಿ ಕಲಸಿ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಎದ್ದು ನೋಡುತ್ತೇನೆ, ಅತ್ತೆ ತಾವೇ ನಲ್ಲಿ ತಿರುಗಿಸಿ ಮುಖ ತೊಳೆಯುತ್ತಿದ್ದಾರೆ. ಅಂಗೈ ಅರಳಿತ್ತು. ಆ ದಿನ ಪೂಜೆ ಮುಗಿಸಿ ಎದ್ದಾಗ ಅವರ ಕಣ್ಣಲ್ಲಿ ನೀರಿತ್ತು. ನನಗೂ ಬಂತು. ನಾನು ಮನಸ್ಸಿನಲ್ಲೇ ಪುಡಿಯವರ ಕ್ಷಮೆ ಕೇಳಿದೆ. ಅದನ್ನು ನಾನು ವಾಪಸು ಪಡೆಯಬೇಕಾಯಿತು.

ಮೊದಲು ಕಂಡದ್ದು ಹಸಿವು. ಒಂದು ರೊಟ್ಟಿಯ ಅತ್ತೆ ಮೂರು ತಿನ್ನತೊಡಗಿದರು. ಆಮೇಲೆ ಮುಖ ದುಂಡಗಾಯಿತು, ಹುಣ್ಣಿಮೆಯಷ್ಟು ದುಂಡಗೆ. ಕೈಕಾಲು ಮಾತ್ರ ಸಣ್ಣಗಾಗುತ್ತಿದ್ದವು. ನೆಂಟರು, “ಎಷ್ಟು ಕಳಿ ಬಂದೈತೆ ಮುಖದಾಗ!” ಎಂದು ದೃಷ್ಟಿ ತೆಗೆದರು. ಮೊಣಕೈಯ ಕೆಳಗೆ ಎಲ್ಲೂ ತಾಗದೆ ನೇರಳೆ ಬಣ್ಣದ ಕಲೆಗಳು ಏಳುತ್ತಿದ್ದವು. ಬಳೆ ಉಜ್ಜಿದರೂ ಚರ್ಮ ನೆನೆದ ಕಾಗದದಂತೆ ಸುಲಿಯುತ್ತಿತ್ತು. ಕುತ್ತಿಗೆಯ ಹಿಂದೆ ಒಂದು ಉಬ್ಬು ಬೆಳೆದು, ರವಿಕೆಯ ಹಿಂಭಾಗವನ್ನು ನಾನು ಎರಡು ಸಲ ಬಿಚ್ಚಿ ಹೊಲಿದೆ. ಎರಡು ಸಲ ಹೊಲಿದೆನೇ ಹೊರತು ಯಾಕೆಂದು ಜೋರಾಗಿ ಕೇಳಲಿಲ್ಲ.

ಒಂದು ದಿನ ಪೊಟ್ಟಣ ಬಿಚ್ಚಿದಾಗ ಕಂದು ಪುಡಿಯ ನಡುವೆ ಒಂದು ಬಿಳಿ ಚೂರು ಕಂಡಿತು. ಅಕ್ಕಿಯ ನುಚ್ಚಿನಷ್ಟು. ಬೆಳಕಿಗೆ ಹಿಡಿದೆ. ಅದರ ಒಂದು ಅಂಚು ನುಣ್ಣಗೆ, ಕಮಾನಿನಂತೆ ಬಾಗಿತ್ತು. ಮೇಲೆ ಅರ್ಧ ಗೀರು. ಬೇರು ನಾರು ಕುಟ್ಟಿದರೆ ಅಂಚು ಹಾಗೆ ಬರುವುದಿಲ್ಲ. ಅದು ಮಾತ್ರೆಯ ಚೂರು.

“ಏನ್ರಿ, ಇದನ್ನ ನೋಡ್ರಿ,” ಎಂದು ಯಜಮಾನರಿಗೆ ತೋರಿಸಿದೆ.

ಕನ್ನಡಕವನ್ನೂ ಹಾಕಿಕೊಳ್ಳದೆ, “ಯಾವ್ದೋ ಭಸ್ಮ ಇರಬೇಕು,” ಎಂದರು.

“ಭಸ್ಮಕ್ಕ ಗೆರಿ ಯಾರು ಹಾಕ್ತಾರ್ರಿ?”

“ಅವ್ವನ ಕೈ ನೆಟ್ಟಗಾಗೈತೋ ಇಲ್ಲೋ? ಸುಮ್ನ ಯಾಕ ಕೆದಕ್ತೀ?”

ಕೈ ನೆಟ್ಟಗಾಗಿದ್ದು ನಿಜವಾಗಿತ್ತು. ಆ ಒಂದು ನಿಜದ ಮುಂದೆ ನಾನು ಬಾಯಿ ಮುಚ್ಚಿದೆ. ಪೊಟ್ಟಣವನ್ನು ಮಾತ್ರ ಗುಂಡಿ, ಸೂಜಿ ಇಡುವ ಡಬ್ಬಿಯಲ್ಲಿ ಮಡಿಚಿಟ್ಟೆ.

ಪುಡಿ ಶುರುವಾಗಿ ವರ್ಷವಾಗುತ್ತ ಬಂದಾಗ ಶ್ರಾವಣ ಬಂತು. ಚಿಗವ್ವನೂ ಬಂದರು, ಈ ಸಲ ಹೊಸ ಸುದ್ದಿಯೊಂದಿಗೆ. ಹರಿಹರದ ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸೊಬ್ಬಳು ಹೇಳಿದಳಂತೆ: ಆ ಪುಡಿಗೆ ಎಲುಬು ಸುಟ್ಟ ಬೂದಿ ಬೆರೆಸುತ್ತಾರೆ. ಯಾವುದರ ಎಲುಬು ಎಂದು ಕೇಳಲು ಚಿಗವ್ವನಿಗೆ ತೋಚಲಿಲ್ಲ, ನಂಬುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ. “ಅಕ್ಕಾ, ಲಿಂಗ ಹಿಡಿಯೋ ಕೈಲಿ ಅದನ್ನ ಕಲಿಸಿ ನೆಕ್ಕಿದ್ದೀಯಲ್ಲೇ! ಅದೂ ಶ್ರಾವಣದಾಗ!”

ಪುಡಿಯಲ್ಲಿ ಮಾತ್ರೆಯ ಚೂರಿದೆ ಎಂದು ನಾನು ತೋರಿಸಿದಾಗ ಯಾರಿಗೂ ಬೇಡವಾಗಿತ್ತು. ಎಲುಬು ಎಂದ ಕೂಡಲೇ ಎಲ್ಲರಿಗೂ ಬೇಕಾಯಿತು. ಅತ್ತೆ ಎದ್ದವರೇ ಉಳಿದಿದ್ದ ಪೊಟ್ಟಣಗಳನ್ನೆಲ್ಲ ಬಚ್ಚಲಿಗೆ ಸುರಿದು ನೀರು ಹೊಡೆದರು. ಮಜ್ಜಿಗೆಯಿಂದ ಬಾಯಿ ಮುಕ್ಕಳಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದರು. ಮನೆಯಲ್ಲಿ ದೊಡ್ಡ ಪಾಪ ಕಳೆದ ಸಮಾಧಾನ. ನಾನೂ ಒಳಗೊಳಗೆ ಖುಷಿಪಟ್ಟೆ. ಯಾವ ಕಾರಣಕ್ಕಾದರೂ ಆಗಲಿ, ಬಿಟ್ಟರಲ್ಲ ಎಂದು. ಅಷ್ಟರಮಟ್ಟಿಗೆ ಕಪ್ಪೆ ಕೊಯ್ದವಳ ವಿಜ್ಞಾನ.

ಎರಡನೆಯ ದಿನ ಗೆಣ್ಣುಗಳು ಮತ್ತೆ ಊದಿದವು, ಮೊದಲಿಗಿಂತ ಕೆಂಪಾಗಿ. ಮೂರನೆಯ ದಿನ ವಾಂತಿ. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿದ್ದರು. ಮೈ ತಣ್ಣಗೆ ಬೆವರಿತ್ತು. ಕರಡಿಗೆ ಕೊರಳಿನಲ್ಲಿ ಮುಚ್ಚಿಯೇ ಇತ್ತು, ಪೂಜೆ ತಪ್ಪಿತ್ತು.

“ನಿನ್ನೆ ಮೊಸರನ್ನ ತಿಂದಿದ್ಲು, ಅದರ ನಂಜು,” ಎಂದರು ಚಿಗವ್ವ. “ಹರಿಹರಕ್ಕೆ ಫೋನ್ ಮಾಡ್ರಿ. ಎಲುಬಿಲ್ಲದ ಪುಡಿ ಐತೇನು ಕೇಳ್ರಿ.”

ಯಜಮಾನರು ನಿಜವಾಗಿಯೂ ಫೋನಿನ ಕಡೆ ನಡೆದರು. ಆಗ ನಾನು ಮಾತಾಡಿದ್ದು ನನಗೇ ಬೇರೆಯವರ ಧ್ವನಿಯಂತೆ ಕೇಳಿತು. “ಫೋನ್ ಬ್ಯಾಡ. ಆಟೋ ಕರೀರಿ. ಆಸ್ಪತ್ರೆಗೆ.”

“ಏನವ್ವ, ಕಾನ್ವೆಂಟ್ ಸೊಸಿ...” ಎಂದು ಚಿಗವ್ವ ಶುರುಮಾಡಿದರು.

“ಚಿಗವ್ವ, ನೀವು ಹಿಂದ ಕೂಡ್ರಿ. ಅತ್ತೆಯ ಕಾಲು ಹಿಡಕೊಳ್ರಿ. ಮಾತಾಡಬ್ಯಾಡ್ರಿ.”

ಡಬ್ಬಿಯಿಂದ ಪೊಟ್ಟಣ ತೆಗೆದುಕೊಳ್ಳಲು ಮರೆಯಲಿಲ್ಲ.

ಆಸ್ಪತ್ರೆಯಲ್ಲಿ ಅಂದು ಇದ್ದದ್ದು ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ. ಬಿ.ಪಿ. ನೋಡಿದವರು ಏನೂ ಕೇಳದೆ ಮೊದಲು ಸಲೈನು ಹಚ್ಚಿಸಿ ಇಂಜೆಕ್ಷನ್ ಕೊಡಿಸಿದರು. ಆಮೇಲೆ ಅತ್ತೆಯ ಮುಖ, ಕುತ್ತಿಗೆಯ ಉಬ್ಬು, ಕೈಯ ಕಲೆಗಳನ್ನು ನೋಡಿ, “ಎಷ್ಟು ದಿನ ಆತು ಪುಡಿ ಬಿಟ್ಟು?” ಎಂದು ಕೇಳಿದರು. ಪುಡಿಯ ಮಾತನ್ನು ನಾವಿನ್ನೂ ಎತ್ತಿರಲೇ ಇಲ್ಲ. ನಾನು ಪೊಟ್ಟಣ ಬಿಚ್ಚಿ ತೋರಿಸಿದೆ. ಬಿಳಿ ಚೂರನ್ನು ಉಗುರಿನಿಂದ ಹೊರಳಿಸಿ, “ಇದನ್ನ ಲ್ಯಾಬಿಗೆ ಕಳಿಸೋ ಅಗತ್ಯ ಇಲ್ಲ. ಇವರ ಮುಖನೇ ರಿಪೋರ್ಟು. ಸ್ಟಿರಾಯ್ಡ್,” ಎಂದರು.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟು ನೀರು ಕೇಳಿದರು. ಮರುದಿನ ಡಾಕ್ಟರಮ್ಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು ನಮಗೆಲ್ಲ ತಿಳಿಸಿ ಹೇಳಿದರು. ಇದು ಮೂಳೆ ಸವೆತವಲ್ಲ, ವಾಯುವಲ್ಲ. ಮೈ ತನ್ನ ಕೀಲುಗಳನ್ನೇ ಶತ್ರು ಎಂದು ತಿಳಿದು ಹೊಡೆಯುವ ಕಾಯಿಲೆ ಎಂದರು.

“ಮೈಯಾಗ ಸೈಟೊಕೈನ್ ಅಂತ ಇರ್ತಾವ. ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸೋ ಸುದ್ದಿ ಅಂತ ತಿಳ್ಕೊಳ್ರಿ. ಕಾಲಿಗೆ ಮುಳ್ಳು ಚುಚ್ಚಿದ್ರ ಅಲ್ಲಿರೋ ಕೋಶ ಸುದ್ದಿ ಬಿಡ್ತೈತೆ, ಬರ್ರಿ ಬರ್ರಿ, ಏನೋ ಒಳಗ ಹೊಕ್ಕೈತೆ ಅಂತ. ರಕ್ತ ಓಡಿ ಬರ್ತೈತೆ. ಕೆಂಪಾಗ್ತೈತೆ, ಊದ್ತೈತೆ, ಬಿಸಿ ಆಗ್ತೈತೆ. ಮುಳ್ಳಿನ ಕೆಲಸ ಮುಗಿದಮ್ಯಾಗ, ಸಾಕು ಮನಿಗೆ ಹೋಗ್ರಿ ಅಂತ ಹೇಳೋ ಸೈಟೊಕೈನೂ ಇರ್ತಾವ. ಇವೆರಡೂ ಇಲ್ದಿದ್ರ ಗಾಯ ಮಾಯಂಗಿಲ್ಲ, ನಾವು ಬದುಕಂಗಿಲ್ಲ.”

“ಅಂದ್ರ ಒಳ್ಳೇದೇ ಅಲ್ರಿ?” ಎಂದರು ಯಜಮಾನರು.

“ಹದದಾಗಿದ್ರ ಒಳ್ಳೇದು. ಇವರ ಕೈಯಾಗ ಮುಳ್ಳೇ ಇಲ್ಲ, ಸುದ್ದಿ ಮಾತ್ರ ನಿಂತಿಲ್ಲ. ಒಬ್ರು ಹತ್ತು ಮಂದಿಗೆ ಹೇಳ್ತಾರ, ಆ ಹತ್ತು ಮಂದಿ ನೂರು ಮಂದಿಗೆ. ಓಡಿ ಬಂದ ಮಂದಿ ಸುಮ್ನ ನಿಲ್ತಾರೇನು? ಗೆಣ್ಣನ್ನೇ ಕಡೀತಾರ.”

“ಕೆಲವು ಮಂದಿ ಹಂಗೇ ನೋಡ್ರಿ,” ಎಂದು ಚಿಗವ್ವ ನಿಟ್ಟುಸಿರು ಬಿಟ್ಟರು. ನಾನು ಕಿಟಕಿಯ ಕಡೆ ತಿರುಗಿದೆ. ಮಂಚದ ಮೇಲಿದ್ದ ಅತ್ತೆ ಮಾತ್ರ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದರು.

ಪುಡಿಯಲ್ಲಿದ್ದ ಸ್ಟಿರಾಯ್ಡ್ ಎಲ್ಲರ ಬಾಯಿಗೂ ಒಮ್ಮೆಲೇ ಬಟ್ಟೆ ತುರುಕುತ್ತದೆ, ಸುದ್ದಿ ನಿಲ್ಲುತ್ತದೆ, ಊತ ಇಳಿಯುತ್ತದೆ ಎಂದರು ಡಾಕ್ಟರಮ್ಮ. ಆದರೆ ನಿಜವಾದ ಕಳ್ಳ ಬಂದರೂ ಕೂಗುವವರು ಇರುವುದಿಲ್ಲ. ಅದೇ ಜಾತಿಯ ಔಷಧಿಯನ್ನು ಮೈ ತಾನೇ ದಿನಾ ಸ್ವಲ್ಪ ತಯಾರಿಸಿಕೊಳ್ಳುತ್ತದೆ. ಹೊರಗಿನಿಂದ ಧಾರಾಳ ಬರಲು ಶುರುವಾದರೆ ಆ ಕೆಲಸ ಬಿಟ್ಟು ಕೂರುತ್ತದೆ. ಒಂದೇ ದಿನ ಬಚ್ಚಲಿಗೆ ಸುರಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. “ನಾವೂ ಕೊಡ್ತೀವಿ. ಆದ್ರ ಅಳೆದು ಕೊಡ್ತೀವಿ, ಹೇಳಿ ಕೊಡ್ತೀವಿ, ಬಿಡಿಸುವಾಗ ಒಂದೊಂದೇ ಮೆಟ್ಟಿಲು ಇಳಿಸ್ತೀವಿ.”

“ಇದರಾಗ ಎಲುಬು ಐತೇನವ್ವ?” ಎಂದು ಅತ್ತೆ ಬತ್ತಿದ ದನಿಯಲ್ಲಿ ಕೇಳಿದರು.

“ಇಲ್ಲಜ್ಜಿ. ನಿಮ್ಮ ಎಲುಬು ಉಳಿಸಾಕ ಕೊಡ್ತಿರೋದು.”

“ಮತ್ತ ಬದನಿಕಾಯಿ?”

“ಬದನಿಕಾಯಿ ಏನು ಮಾಡೈತ್ರಿ ಪಾಪ? ಊತ, ಕೆಂಪು, ಬಿಸಿ, ಇದನ್ನ ನಿಮ್ಮ ಹಿರಿಯರು ಸರಿಯಾಗೇ ನೋಡ್ಯಾರ. ಕೇಸ್ ಮಾತ್ರ ತಪ್ಪು ಮಂದಿ ಮ್ಯಾಲೆ ಹಾಕ್ಯಾರ.”

ಮುಂದೆ ಅತ್ತೆಗೆ ವಾರಕ್ಕೊಂದೇ ಸಲ ನುಂಗುವ ಮಾತ್ರೆ ಶುರುವಾಯಿತು. ಅವರೇ ಸೋಮವಾರ ಆರಿಸಿಕೊಂಡರು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಸ್ಟಿರಾಯ್ಡ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು.

ಪುಡಿಯವರ ವ್ಯಾಪಾರ ಇದರಿಂದ ಕುಂದಿತೆಂದು ಯಾರಾದರೂ ಎಣಿಸಿದ್ದರೆ ಅವರಿಗೆ ನಮ್ಮ ಜನ ಗೊತ್ತಿಲ್ಲ. ಚಿಗವ್ವ ಹರಿಹರಕ್ಕೆ ಹೋಗಿ ವರದಿ ಒಪ್ಪಿಸಿ ಬಂದರು. ಅಲ್ಲಿ ಪುಡಿಯವರು ತುಂಬಿದ ಪಡಸಾಲೆಯ ಮುಂದೆ, “ನೋಡಿದ್ರಾ? ನನ್ನ ಪುಡಿ ಬಿಟ್ಟಿದ್ದಕ್ಕ ಹಂಗಾತು,” ಎಂದರಂತೆ. ಆ ಮನುಷ್ಯನ ಬಾಯಿಂದ ಬಂದದ್ದರಲ್ಲಿ ನಿಜವಾದ ಮಾತು ಅದೊಂದೇ, ಮತ್ತು ಅದೊಂದರಿಂದಲೇ ಅವರ ಓಣಿಯಲ್ಲಿ ಜನ ಇಮ್ಮಡಿಯಾದರು. ಗಂಜಿನ ಇಬ್ಬರು ವ್ಯಾಪಾರಿಗಳು ತಮ್ಮ ತಾಯಂದಿರನ್ನು ಅಲ್ಲಿಗೆ ಕರೆದೊಯ್ದರು. ಯಜಮಾನರು ಅವರಿಗೆ ಏನಾದರೂ ಹೇಳಿದರೇ ಎಂದು ಕೇಳಿದೆ. “ನಾವು ಯಾಕ ಇನ್ನೊಬ್ರ ನಂಬಿಕಿ ಕೆಡಸಬೇಕು?” ಎಂದರು. ಆ ಎರಡು ಮನೆಗಳಿಗೆ ನಾನೇ ಹೋಗಿ ಹೇಳಿದೆ. ಒಂದು ಮನೆಯವರು ಚಹಾ ಕೊಟ್ಟರು. ಇನ್ನೊಂದು ಮನೆಯವರು ಅದನ್ನೂ ಕೊಡಲಿಲ್ಲ.

ಯುಗಾದಿಯ ಹೊತ್ತಿಗೆ ಅತ್ತೆಯ ಮುಖ ಮತ್ತೆ ಅವರದೇ ಆಯಿತು. ಗೆಣ್ಣುಗಳ ಬಿಸಿ ಆರಿತ್ತು, ನಡುಕ ನಿಂತಿತ್ತು. ಆದರೆ ಎಡಗೈಯ ಕೊನೆಯ ಎರಡು ಬೆರಳು ಬಾಗಿಯೇ ಉಳಿದವು. ಒಮ್ಮೆ ಕಡಿದುಹೋದದ್ದು ಮತ್ತೆ ಬೆಳೆಯುವುದಿಲ್ಲ, ಎರಡು ವರ್ಷ ಮೊದಲೇ ಬಂದಿದ್ದರೆ ಬೇರೆ ಮಾತಾಗುತ್ತಿತ್ತು ಎಂದರು ಡಾಕ್ಟರಮ್ಮ. ಆ ಎರಡು ವರ್ಷ ನಾವು ಬದನೆಕಾಯಿಯ ಮೇಲೆ, ಆಮೇಲೆ ಪುಡಿಯ ಮೇಲೆ ಕಳೆದಿದ್ದೆವು. ಪೂಜೆಗೆ ಕುಳಿತರೂ ಅತ್ತೆ ಲಿಂಗವನ್ನು ಮಡಿಲಿನ ಮೇಲಿನ ಬಟ್ಟಲಲ್ಲೇ ಇಟ್ಟು ನೋಡುತ್ತಿದ್ದರು. ಅಂಗೈಗೆ ತೆಗೆದುಕೊಳ್ಳಲು ಧೈರ್ಯ ಬರುತ್ತಿರಲಿಲ್ಲ.

ಹಬ್ಬದ ಮರುದಿನ ಅಡುಗೆಮನೆಯಲ್ಲಿದ್ದ ನನ್ನನ್ನು ಕರೆದರು. “ಏ ಹುಡುಗಿ, ಕೈ ತೊಳಕೊಂಡು ಬಾ. ನಿನ್ನ ಎಡಗೈ ಕೊಡು ಇಲ್ಲಿ.”

ನಾನು ಎದುರು ಕುಳಿತು ಕೈ ಚಾಚಿದೆ. ಅತ್ತೆ ತಮ್ಮ ಕೈಯನ್ನು ನನ್ನ ಅಂಗೈಯ ಮೇಲಿಟ್ಟರು. ಬಾಗಿದ ಬೆರಳುಗಳ ಕೆಳಗೆ ನನ್ನ ಬೆರಳುಗಳು ಒಂದು ಅಂಚು ಕಟ್ಟಿದಂತಾಯಿತು. ಅವರ ಕೈ ತಂಪಾಗಿತ್ತು, ಎಲ್ಲರ ಕೈಯಂತೆ. ಬಲಗೈಯಿಂದ ಲಿಂಗವನ್ನೆತ್ತಿ ತಮ್ಮ ಆ ಅಂಗೈಯ ಮೇಲಿಟ್ಟರು. ನೀರೆರೆದರು. ಅದು ಕದಲಲಿಲ್ಲ.

ಬಾಗಿಲಲ್ಲಿ ಚಿಗವ್ವ ಬಂದು ನಿಂತಿದ್ದರು. “ಅಕ್ಕಾ, ಹಂಗ ಇನ್ನೊಬ್ರ ಕೈ ಆಸರಿ ತಗೊಂಡು ಪೂಜಿ ಮಾಡಾಕ ಬರಂಗಿಲ್ಲಂತ. ನಮ್ಮೂರಾಗ ಒಬ್ರು ಹೇಳ್ತಿದ್ರು...”

ಅತ್ತೆ ಲಿಂಗದಿಂದ ಕಣ್ಣು ಕೀಳಲಿಲ್ಲ.

“ಸುದ್ದಿ ಸಾಕು,” ಎಂದರು. “ಒಳಗ ಬದನಿಕಾಯಿ ಅದಾವ. ಹೆಚ್ಚು ಹೋಗು.”

ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಈಳಿಗೆಮಣೆ ಎಳೆದುಕೊಂಡ ಸದ್ದು ಕೇಳಿಸಿತು.